ಸಲಾಕಿ ತಳ ಮುಟ್ಟದ ಮಧ್ಯಾಹ್ನ

ಎರಡು ವರ್ಷದ ಹಿಂದಿನ ಬೇಸಿಗೆ. ಬಿ.ಎ. ಮುಗಿಸಿ, ನಮ್ಮೂರು ಸಗರದಲ್ಲಿ ಮನೆಯ ಕಟ್ಟೆಯ ಮೇಲೆ ಕುಳಿತು ಹೋಗಿಬರುವವರ ನಕಲು ಮಾಡುವುದನ್ನೇ ಕಸುಬು ಮಾಡಿಕೊಂಡಿದ್ದೆ. ಶಹಾಪುರ–ಸುರಪುರ ಬಸ್ಸಿನ ಕಂಡಕ್ಟರ್, ಫೋನಿನಲ್ಲಿ ಮಾತಾಡಿದರೆ ಮೂರು ಓಣಿಗೆ ಕೇಳಿಸುವ ನಮ್ಮ ಸೋದರಮಾವ, ಯಾರನ್ನೂ ಬಿಟ್ಟವನಲ್ಲ. ಹೆಣ್ಣು ನೋಡಲು ಹೋಗಿ, ಚಹಾ ಮೈಮೇಲೆ ಚೆಲ್ಲಿಕೊಂಡು, ‘ಚಲೋ ಆಗೇದ್ರಿ ಚಹಾ’ ಎಂದ ನನ್ನನ್ನೂ ಬಿಟ್ಟಿರಲಿಲ್ಲ. ನಿಜ ಹೇಳಬೇಕೆಂದರೆ, ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದುದು ಅದಕ್ಕೇ.

ಅಂಥ ಹೊತ್ತಿನಲ್ಲಿ, ಕೃಷ್ಣಾ ನದಿಯಲ್ಲಿ ಹೂಳು ಎಷ್ಟು ಆಳ ತುಂಬಿದೆ ಎಂದು ಅಳೆಯಲು ಒಬ್ಬ ಎಂಜಿನಿಯರ್ ಸಾಹೇಬರು ಬಂದರು. ಅವರ ಕೈಯಾಳಾಗಿ ನಾನು ಸೇರಿಕೊಂಡೆ. ಹರಿಗೋಲು ನಡೆಸಲು ಖಾಜಾ ಚಾಚಾ. ಅವರು ಸುರಪುರ ಕಡೆಯ ಹೊಳೆದಂಡೆಯವರು, ಮೀನು ಹಿಡಿಯುವವರು. ಮೊದಲ ದಿನವೇ ಅವರು ಬೀಡಿ ಹಚ್ಚುವ ರೀತಿಯನ್ನು ಅವರ ಮುಂದೆಯೇ ಮಾಡಿ ತೋರಿಸಿದ್ದೆ. ‘ಬೀಡಿ ಇಲ್ದನ ಹೊಗಿ ಬಿಡತಾನಲ್ಲ ಈ ಶರಣ್ಯಾ’ ಎಂದು ಅವರೇ ಸಾಹೇಬರಿಗೆ ಹೇಳಿ ನಕ್ಕಿದ್ದರು.

ಕೆಲಸ ಸರಳವಿತ್ತು. ನೀರು ಹಿಂದೆ ಸರಿದ ಕಡೆ ಹೂಳಿನ ಬಯಲು. ಅದರ ಮೇಲೆ ಅಗಲವಾದ ಹಲಗೆ ಹಾಕಿ, ಹಲಗೆಯ ಮೇಲೆ ನಿಂತು, ಆಳಿಗಿಂತ ಉದ್ದದ ತುಂಡುಗಳನ್ನು ಒಂದಕ್ಕೊಂದು ಜೋಡಿಸುವ ಕಬ್ಬಿಣದ ಸಲಾಕಿಯನ್ನು ಕೆಳಗೆ ಒತ್ತಬೇಕು. ಹಳೆಯ ಮರಳು ಸಿಕ್ಕ ಕೂಡಲೇ ಕೈಗೆ ಗರ್ ಎಂದು ತಾಗುತ್ತದೆ. ಅಲ್ಲಿಗೆ ಗುರುತು ಮಾಡಿ ಸಾಹೇಬರಿಗೆ ಕೂಗಿ ಹೇಳಬೇಕು. ದಂಡೆಯ ಜಾಲಿಗಿಡದ ನೆರಳಲ್ಲಿ ಕುಳಿತು ಅವರು ಬರೆದುಕೊಳ್ಳುತ್ತಿದ್ದರು. ನಾನು ಒಂದೊಂದು ಅಳತೆಯನ್ನು ಒಬ್ಬೊಬ್ಬರ ದನಿಯಲ್ಲಿ ಕೂಗುತ್ತಿದ್ದೆ. ಒಮ್ಮೆ ಕಂಡಕ್ಟರ್, ಒಮ್ಮೆ ಮಾವ, ಒಮ್ಮೆ ಸಾಹೇಬರೇ. ಅವರಿಗೂ ಅದು ಹಿಡಿಸಿತ್ತು.

ಆ ಮಧ್ಯಾಹ್ನ ಬಿಸಿಲಿಗೆ ಕಣ್ಣು ಬಿಡಲಾಗುತ್ತಿರಲಿಲ್ಲ. ಕಾದ ಹಲಗೆಯನ್ನು ಎಳೆದು ಎಳೆದು ಅಂಗೈ ಸುಟ್ಟಿತ್ತು. ಮುಂದಿನ ಜಾಗ ನೋಡಿದೆ. ಹೂಳು ಒಣಗಿ, ಕೈ ಹೋಗುವಷ್ಟು ಅಗಲ ಬಿರುಕು ಬಿಟ್ಟಿತ್ತು. ನಮ್ಮ ಎರೆಹೊಲ ಹೀಗೆ ಬಿರುಕು ಬಿಟ್ಟರೆ ಅದರ ಮೇಲೆ ಟ್ರ್ಯಾಕ್ಟರ್ ಓಡಿಸುತ್ತೇವೆ. ಎರೆಹೊಲದಲ್ಲಿ ಬೆಳೆದವನಿಗೆ ಬಿರುಕು ಎಂದರೆ ಗಟ್ಟಿ ನೆಲ. ಹಲಗೆ ಅಲ್ಲೇ ಬಿಟ್ಟು ಸಲಾಕಿಯ ತುಂಡುಗಳನ್ನು ಹೆಗಲಿಗೇರಿಸಿ ನಡೆದೆ.

ಸಲಾಕಿ ಒತ್ತಿದೆ, ಬೆಣ್ಣೆಯಲ್ಲಿ ಇಳಿದಂತೆ ಇಳಿಯಿತು. ಇನ್ನೊಂದು ತುಂಡು ಜೋಡಿಸಿ ಒತ್ತಿದೆ. ಅದೂ ಇಳಿಯಿತು. ಮರಳು ಸಿಗಲೇ ಇಲ್ಲ. ಮುಷ್ಟಿಯವರೆಗೆ ಇಳಿದ ಮೇಲೆ ಕೀಳೋಣವೆಂದು ಎರಡೂ ಕೈಯಿಂದ ಜಗ್ಗಿದೆ. ಸಲಾಕಿ ಮೇಲೆ ಬರಲಿಲ್ಲ, ನಾನು ಕೆಳಗೆ ಹೋದೆ.

ಕಾಲಡಿಯ ಒಣ ಪದರ ಹಪ್ಪಳದಂತೆ ಮುರಿದು ಮೊಳಕಾಲವರೆಗೆ ಇಳಿದೆ. ಮೊದಲು ನಗು ಬಂತು. ಒಂದು ಕಾಲು ಕೀಳಲು ಹೋದರೆ ಇನ್ನೊಂದು ತೊಡೆಯವರೆಗೆ ಹೋಯಿತು. ಮೇಲೆ ತಲೆ ಸುಡುತ್ತಿದ್ದರೆ ಕೆಳಗೆ ಪಾದ ತಣ್ಣಗಾಗುತ್ತಿತ್ತು. ಎಂದೂ ಬಿಸಿಲು ಕಾಣದ ಥಂಡಿ ಅದು. ಕಾಲನ್ನು ಯಾರೋ ಹಿಡಿದುಕೊಂಡಂತೆ ಇತ್ತು. ಸೊಂಟದವರೆಗೆ ಇಳಿದಾಗ ನನಗೆ ಹೊಳೆಯಿತು: ಇಲ್ಲಿ ತಳ ಎಷ್ಟು ಆಳದಲ್ಲಿದೆ ಎಂದು ಈಗಷ್ಟೇ ನೋಡಿದವನು ನಾನೇ. ಎರಡು ತುಂಡು ಸಲಾಕಿಗೂ ತಳ ಸಿಕ್ಕಿರಲಿಲ್ಲ. ನಾನು ಅದರ ಅರ್ಧವೂ ಉದ್ದ ಇರಲಿಲ್ಲ.

‘ಚಾಚಾ, ಮುಳುಗಾಕತ್ತೇನ್ರಿ, ಎಳ್ಕೋರಿ’ ಎಂದು ಕೂಗಿದೆ.

ದಂಡೆಯಿಂದ ಚಪ್ಪಾಳೆ ಕೇಳಿಸಿತು. ಸಾಹೇಬರು ಕುಳಿತಲ್ಲಿಂದಲೇ ಇದು ಯಾರ ದನಿ ಎಂದು ಕೇಳಿದರು. ನೀರಂಚಿನಲ್ಲಿ ನಮಗೆ ಬೆನ್ನು ಮಾಡಿ ಹರಿಗೋಲು ಒರೆಸುತ್ತಿದ್ದ ಚಾಚಾ ತಿರುಗಲೂ ಇಲ್ಲ.

‘ಸಾಕ್ ಮಾಡಲೇ ಶರಣ್ಯಾ, ರೊಟ್ಟಿ ತಿನ್ನಾಕ ಬಾ’ ಎಂದರು.

ಮತ್ತೆ ಕೂಗಿದೆ. ಅವ್ವನನ್ನು ಕರೆದೆ. ಅವರು ಇನ್ನೂ ನಕ್ಕರು. ನನ್ನ ದನಿ ನನಗೇ ಬೇರೆ ಯಾರದೋ ಎನ್ನಿಸುತ್ತಿತ್ತು. ಎಷ್ಟೋ ಜನರ ದನಿ ಬರುತ್ತಿದ್ದ ಗಂಟಲಿಗೆ, ಅವರು ನಂಬುವಂಥ ಒಂದು ದನಿ ಬರಲಿಲ್ಲ. ಹೂಳು ಹೊಟ್ಟೆ ದಾಟಿ ಎದೆಯ ಕೆಳಗೆ ಬಂತು. ಉಸಿರು ಹೊರಗೆ ಬಿಟ್ಟರೆ ಅಷ್ಟು ಜಾಗವನ್ನೂ ಅದು ಹಿಡಿದುಕೊಳ್ಳುತ್ತಿತ್ತು. ಮತ್ತೆ ಎಳೆದುಕೊಳ್ಳುವಾಗ ಮೊದಲಿನಷ್ಟು ಉಸಿರು ಒಳಗೆ ಹೋಗುತ್ತಿರಲಿಲ್ಲ. ಹಾಗಾಗಿ ಉಸಿರು ಬಿಡಲೂ ಅಂಜಿದೆ. ಬಾಯಿ ತೆರೆದರೆ ಗಾಳಿ ಮಾತ್ರ ಬಂತು. ಸುಮ್ಮನಾದೆ. ದೂರದಲ್ಲಿ ಒಂದು ಟಿಟ್ಟಿಭ ಕೂಗುತ್ತಿತ್ತು. ಇನ್ನು ಮೇಲೆ ಈ ಹಕ್ಕಿ ಕೂಗುತ್ತದೆ, ನಾನು ಇರುವುದಿಲ್ಲ ಎಂದುಕೊಂಡೆ.

ಆಗ ಚಾಚಾ ತಿರುಗಿದರು. ಒಮ್ಮೆ ನೋಡಿದರು. ಕೈಯಲ್ಲಿದ್ದ ಅರಿವೆ ಬಿಸಾಕಿ, ಹರಿಗೋಲಿನ ಹಗ್ಗ ಬಿಚ್ಚಿಕೊಂಡು ಓಡಿಬಂದರು. ನಾನು ಬಿಟ್ಟುಬಂದ ಹಲಗೆಯನ್ನು ಮುಂದೆ ತಳ್ಳುತ್ತ, ಅದರ ಮೇಲೆ ಬೋರಲು ಬಿದ್ದು ತೆವಳಿದರು. ಹಗ್ಗದ ಒಂದು ತುದಿ ಸಾಹೇಬರ ಕಡೆ ಎಸೆದರು. ಸಾಹೇಬರು ನೆರಳಿನಿಂದ ಎದ್ದು ಓಡಿಬಂದು ಅದನ್ನು ಹಿಡಿದರು.

‘ಕಾಲು ಆಡಸಬ್ಯಾಡ,’ ಎಂದರು ಚಾಚಾ, ಮೆಲ್ಲಗೆ, ಮಗುವಿಗೆ ಹೇಳಿದಂತೆ. ‘ಹಿಂದಕ್ಕ ಮಲಕ್ಕೋ ಬೇಟಾ. ಅಂಗಾತ ಮಲಕ್ಕೋ.’

ನನ್ನನ್ನು ನುಂಗುತ್ತಿರುವುದರ ಮೇಲೆಯೇ ಬೆನ್ನು ಚೆಲ್ಲಿ ಮಲಗಬೇಕಿತ್ತು. ಅಷ್ಟು ಅಂಜಿಕೆ ನನಗೆ ಮುಂಚೆಯೂ ಆಗಿಲ್ಲ, ಆಮೇಲೂ ಆಗಿಲ್ಲ. ಕಣ್ಣು ಮುಚ್ಚಿ ಹಿಂದಕ್ಕೆ ಬಿದ್ದೆ. ಕಿವಿಗೆ ಕೆಸರು ಹೊಕ್ಕು ಲೋಕದ ಸಪ್ಪಳ ನಿಂತಿತು. ಕಂಕುಳಡಿ ಹಗ್ಗ ಬಿಗಿಯಿತು. ಸಾಹೇಬರು ಬೂಟು ಬಿಚ್ಚಿ, ಗಟ್ಟಿ ನೆಲದಲ್ಲಿ ಹಿಮ್ಮಡಿ ಊರಿ ಎಳೆಯುತ್ತಿದ್ದರೆ, ಚಾಚಾ ನನ್ನ ತೊಡೆಯ ಪಕ್ಕ ಕೈ ಹಾಕಿ ಕೆಸರು ಬಿಡಿಸುತ್ತಿದ್ದರು. ಬಹಳ ಹೊತ್ತಿನ ಮೇಲೆ ಹೂಳು ಒಂದು ದೊಡ್ಡ ತೇಗು ತೇಗಿ ನನ್ನನ್ನು ಬಿಟ್ಟಿತು. ಪ್ಯಾಂಟನ್ನು ಬಿಡಲಿಲ್ಲ. ಚಡ್ಡಿಯಲ್ಲಿ ದಂಡೆಗೆ ಬಂದು ಬಿದ್ದೆ. ಊರೆಲ್ಲ ನಗಿಸಲು ಇದಕ್ಕಿಂತ ಒಳ್ಳೆಯ ಐಟಂ ಸಿಗುತ್ತಿರಲಿಲ್ಲ. ಅಲ್ಲಿ ಯಾರೂ ನಗಲಿಲ್ಲ.

ಸಾಹೇಬರು ನೀರಿನ ಬಾಟಲಿ ಹಿಡಿದು ಪಕ್ಕದಲ್ಲಿ ಕುಳಿತರು. ತಾನು ಚಪ್ಪಾಳೆ ತಟ್ಟಿದೆನಲ್ಲ ಎಂದು ಒಂದೇ ಮಾತು ಆಡಿ, ಬಾಟಲಿಯ ಮುಚ್ಚಳ ತೆಗೆದು ನನ್ನ ಕೈಗಿಟ್ಟರು. ನೀರು ಕುಡಿದ ಮೇಲೆ ಚಾಚಾರನ್ನು ಕೇಳಿದೆ, ಅಷ್ಟು ಕೂಗಿದರೂ ಬರದವರು ಆಮೇಲೆ ಯಾಕೆ ಬಂದಿರಿ ಎಂದು.

ಅವರು ಕೈಗೆ ಅಂಟಿದ ಕೆಸರು ಉಜ್ಜಿ ತೆಗೆಯುತ್ತ ಹೇಳಿದರು: ‘ನೀ ಕೂಗೂತನ ಅಂಜಿಕಿ ಇರಲಿಲ್ಲಪ್ಪ. ನೀ ಸುಮ್ಮನಾದೆಲ್ಲ, ಆಗ ಎದಿ ಝಲ್ ಅಂತು.’

ಈಗಲೂ ನಕಲು ಮಾಡುತ್ತೇನೆ. ಮದುವೆ ಮನೆಯಲ್ಲಿ, ಬಸ್ಸಿನಲ್ಲಿ ಜನ ನಗುತ್ತಾರೆ. ಹೂಳಿನಲ್ಲಿ ಹ್ಯಾಂಗ ಕೂಗಿದಿ ಮಾಡಿ ತೋರಸು ಎಂದು ಗೆಳೆಯರು ಗಂಟು ಬೀಳುತ್ತಾರೆ. ಬಾಯಿ ತೆರೆಯುತ್ತೇನೆ, ಆ ದನಿ ಬರುವುದಿಲ್ಲ. ಬಾರದಿರುವುದೇ ಒಳ್ಳೆಯದು ಎನ್ನಿಸುತ್ತದೆ. ಆಗಾಗ ಹೊಳೆಯ ಕಡೆ ಹೋದಾಗ ಚಾಚಾರ ಹರಿಗೋಲಿನಲ್ಲಿ ಕುಳಿತುಕೊಳ್ಳುತ್ತೇನೆ. ಮಾತಾಡುತ್ತ ಮಾತಾಡುತ್ತ ನಾನು ತುಸು ಹೊತ್ತು ಸುಮ್ಮನಾದರೆ ಸಾಕು, ಹುಟ್ಟು ಹಾಕುವುದನ್ನು ನಿಲ್ಲಿಸಿ, ಹಿಂದೆ ತಿರುಗಿ, ನಾನು ಇದ್ದೇನೋ ಇಲ್ಲವೋ ಎಂದು ಕೇಳುತ್ತಾರೆ:

‘ಅದಿ ಏನಲೇ?’

‘ಅದೀನ್ರಿ ಚಾಚಾ’ ಎನ್ನುತ್ತೇನೆ. ಆಮೇಲೆ ಹರಿಗೋಲು ಮುಂದೆ ಹೋಗುತ್ತದೆ.