ಮುರಿದ ಗುರಿಕಂಡಿ

ಶಹಾಬಾದಿನ ಸ್ಟೇಷನ್ ರಸ್ತೆಯಲ್ಲಿ ನನ್ನದೊಂದು ಬಂದೂಕು ರಿಪೇರಿ ಅಂಗಡಿ ಇತ್ತು. ಕಸುಬು ಅಪ್ಪನಿಂದ ಬಂದದ್ದು, ಅರಗಳೂ ಅವನವೇ. ಬರುತ್ತಿದ್ದುದೆಲ್ಲ ಚಿಂಚೋಳಿ ಕಡೆಯ ರೈತರು ಹಂದಿ ಬೆದರಿಸಲು ಇಟ್ಟುಕೊಂಡ ಬಂದೂಕುಗಳು. ರಿವಾಲ್ವರ್ ಕೈಗೆ ಸಿಗುವುದು ಅಪರೂಪ. ಹಾಗಾಗಿ ವಾಡಿ ಹತ್ತಿರದ ಹಳ್ಳಿಯೊಂದರಿಂದ ಫರ್ಶಿ ಹಾಸುಗಲ್ಲಿನ ಗಣಿಯ ಸಾಹುಕಾರರೊಬ್ಬರು ಬಂದು, ತೀರಿಹೋದ ಅಣ್ಣನ ರಿವಾಲ್ವರ್ ಈಗ ತಮ್ಮ ಹೆಸರಿಗೆ ಆಗಿದೆ, ಅದರ ಹಿಂದಿನ ಗುರಿಕಂಡಿ ಮುರಿದಿದೆ, ಮನೆಗೇ ಬಂದು ಹೊಸದು ಕೂರಿಸಿಕೊಡಬೇಕು ಎಂದಾಗ ನನಗೆ ಖುಷಿಯೇ ಆಯಿತು. ಮೈಸೂರು ರಾಜ್ಯಕ್ಕೆ ಕರ್ನಾಟಕವೆಂದು ಹೆಸರಿಟ್ಟು ಆಗಿನ್ನೂ ಹೆಚ್ಚು ಕಾಲವಾಗಿರಲಿಲ್ಲ.

ಮನೆ ಊರಿನಿಂದ ಸ್ವಲ್ಪ ಹೊರಗಿತ್ತು. ಗೋಡೆ, ನೆಲ, ಮಾಳಿಗೆ ಎಲ್ಲವೂ ಫರ್ಶಿ. ಹಿತ್ತಲ ಬಾಗಿಲು ತೆಗೆದರೆ ನೇರ ಹಳೆಯ ಗಣಿ. ಕಲ್ಲು ತೆಗೆಯುವುದನ್ನು ನಿಲ್ಲಿಸಿ ವರ್ಷಗಳೇ ಆಗಿ, ಗುಂಡಿಯ ತುಂಬ ನೀರು ನಿಂತಿತ್ತು. ನೀರು ಹಸಿರಾಗಿ, ಅಲುಗದೆ, ಒಂದು ಹಕ್ಕಿಯೂ ಇಳಿಯದೆ ಇತ್ತು. ಮನೆಯಲ್ಲಿ ಸಾಹುಕಾರರನ್ನು ಬಿಟ್ಟರೆ ಇದ್ದವರು ಅವರ ಅತ್ತಿಗೆ, ಅಂದರೆ ತೀರಿಹೋದವರ ಹೆಂಡತಿ. ಹಣೆಯಲ್ಲಿ ವಿಭೂತಿ, ಮಿತ ಮಾತು. ನನಗೆ ಚಹಾ ಕೊಟ್ಟು ಹಿತ್ತಲ ಬಾಗಿಲಿಗೆ ಬೆನ್ನು ಮಾಡಿ ಕುಳಿತರು.

ನಳಿಕೆಯ ತುದಿಯಲ್ಲಿರುವ ಮೊಳೆ ಹಿಂದಿನ ಕಂಡಿಯ ನಟ್ಟನಡುವೆ ಕಂಡರೆ ಗುರಿ ನೇರ. ಈ ರಿವಾಲ್ವರಿನಲ್ಲಿ ಆ ಕಂಡಿಯ ತುಂಡು ಅರ್ಧ ಹಾರಿಹೋಗಿತ್ತು. ಬಿದ್ದು ಮುರಿದದ್ದು ಎಂದು ಸಾಹುಕಾರರು ಹೇಳಿದ್ದರು. ಆದರೆ ಕಬ್ಬಿಣದ ಮೇಲೆ ಸುತ್ತಿಗೆಯ ಏಟು ಸ್ಪಷ್ಟವಾಗಿ ಕಾಣುತ್ತಿತ್ತು. ಒಂದಲ್ಲ, ಒಂದರ ಮೇಲೊಂದು. ನಾನು ಹಾಗೆಂದಾಗ ಸಾಹುಕಾರರು ಅತ್ತಿಗೆಯ ಮುಖ ನೋಡಿದರು. ಆಕೆ ಲೋಟ ತೆಗೆದುಕೊಂಡು ಎದ್ದು ಒಳಗೆ ಹೋದರು.

ಹಿತ್ತಾಳೆಯ ಕಡ್ಡಿಯಿಟ್ಟು ಮೆಲ್ಲಗೆ ಬಡಿದು ಹಳೆಯ ತುಂಡನ್ನು ಅದು ಕೂತಿದ್ದ ಕಚ್ಚಿನಿಂದ ಜಾರಿಸಿದೆ. ಹೊಸ ಉಕ್ಕಿನ ತುಂಡನ್ನು ಅರದಿಂದ ಉಜ್ಜಿ, ಕೂರಿಸಿ, ಮತ್ತೆ ತೆಗೆದು, ಮತ್ತೆ ಉಜ್ಜಿ, ನಡುವೆ ಕಂಡಿ ಕೊರೆದೆ. ಕಾಯಿಸಿ ಎಣ್ಣೆಗೆ ಅದ್ದಿ ಕಪ್ಪು ಬರಿಸಿದೆ. ಇಷ್ಟಾಗುವಾಗ ಬಿಸಿಲು ಮಾಳಿಗೆಯಿಂದ ಇಳಿದಿತ್ತು. ಒಮ್ಮೆ ಹಾರಿಸಿ ನೋಡದೆ ಕೆಲಸ ಮುಗಿಯುವುದಿಲ್ಲ. ಅದಕ್ಕೆ ಒಳಗಿನಿಂದ ಬಂದ ಅತ್ತಿಗೆ ಬೇಡವೆಂದರು, ಸಾಹುಕಾರರು ಬೇಕೆಂದರು. ಅವರೇ ಗಣಿಯನ್ನು ಸುತ್ತಿಕೊಂಡು ಹೋಗಿ, ಆಚೆ ದಂಡೆಯ ಕಲ್ಲುಪುಡಿಯ ದಿಬ್ಬಕ್ಕೆ ಸುಣ್ಣ ಬಳಿದ ಒಂದು ಫರ್ಶಿಯನ್ನು ಒರಗಿಸಿ ಬಂದರು.

ಮೊದಲ ಗುಂಡು ಫರ್ಶಿಯ ನಡುವೆಯೇ ತಗುಲಿತು. ಸದ್ದು ಗಣಿಯೊಳಗೆ ತಿರುಗಿ ತಿರುಗಿ ಬಂದು ಸುಮ್ಮನಾಯಿತು. ಇನ್ನೊಂದು ಹಾರಿಸೋಣವೆಂದು ಕೈ ಎತ್ತಿ, ಕಂಡಿಯ ನಡುವೆ ಮೊಳೆ ಕೂರಿಸಿ ನೋಡುತ್ತೇನೆ, ಫರ್ಶಿಯ ಪಕ್ಕದಲ್ಲಿ ಒಬ್ಬ ಮನುಷ್ಯ ನಿಂತಿದ್ದಾನೆ. ಧೋತರ, ಬಿಳಿ ಅಂಗಿ, ಬರಿದಲೆ. ನಮಗೆ ಬೆನ್ನು ಮಾಡಿದ್ದಾನೆ.

ಕೈ ಇಳಿಸಿದೆ. ಆಗ ಹೆದರಿದ್ದು ದೆವ್ವಕ್ಕಲ್ಲ, ಇನ್ನೊಂದು ಗಳಿಗೆಯಲ್ಲಿ ಹೆಣ ಬೀಳುತ್ತಿತ್ತಲ್ಲ ಎಂದು. ಪಕ್ಕಕ್ಕೆ ಸರಿಯಿರಿ ಎಂದು ಕೂಗಿದೆ. ಅವನು ಕದಲಲಿಲ್ಲ. ಅಷ್ಟು ದೊಡ್ಡ ಸದ್ದಾದ ಜಾಗದಲ್ಲಿ ತಿರುಗಿ ಸಹ ನೋಡದೆ ನಿಂತಿದ್ದ. ಸಾಹುಕಾರರು ಯಾರನ್ನು ಕೂಗುತ್ತಿದ್ದೀರಿ ಎಂದು ಕೇಳಿದರು. ನಾನು ಬೆರಳು ತೋರಿಸಿದ ಕಡೆ ಅವರು ಕಣ್ಣು ಕಿರಿದು ಮಾಡಿ ನೋಡಿದರು. ಅವರಿಗೆ ಫರ್ಶಿಯೊಂದೇ ಕಂಡಿತು.

ಹಿಂದಿನಿಂದ ಆ ಹೆಂಗಸಿನ ದನಿ ಬಂತು. "ನಿಮಗೂ ಕಂಡ್ನೇನ್ರಿ?"

ಹೌದೆಂದೆ.

"ಮಾರಿ ಈ ಕಡಿ ಅದನೋ, ಬೆನ್ನದನೋ?"

"ಬೆನ್ನದ್ರಿ ಅವ್ವಾರ."

ಆಕೆ ಉಸಿರು ಬಿಟ್ಟು ಹೊಸ್ತಿಲ ಮೇಲೆ ಕುಳಿತರು. "ಹಂಗಾರ ಇನ್ನೂ ಚಿಂತಿಲ್ಲ," ಅಂದರು.

ನಾನು ಮತ್ತೆ ಆಚೆ ನೋಡಿದಾಗ ಅಲ್ಲಿ ಯಾರೂ ಇರಲಿಲ್ಲ. ಮರೆಯಾಗುವುದಕ್ಕೂ ಜಾಗವಿರಲಿಲ್ಲ, ದಿಬ್ಬದ ಆಚೆಗೆ ಬರೀ ಬಯಲು.

ಆಮೇಲೆ ಆಕೆ ಹೇಳಿದ್ದಿಷ್ಟು. ಅವರ ಗಂಡನಿಗೆ ವರ್ಷಗಳ ಹಿಂದೆ ಮೊದಲ ಸಲ ಆ ಮನುಷ್ಯ ಕಂಡಿದ್ದ. ಕಲ್ಲು ಕದಿಯಲು ಬಂದವನೆಂದು ಕೂಗಿ, ಕೇಳದಿದ್ದಾಗ ಕಾಲಿಗೆ ಗುರಿಯಿಟ್ಟು ಹಾರಿಸಿದ್ದರು. ಗುರಿ ತಪ್ಪುವವರಲ್ಲ. ಹೋಗಿ ನೋಡಿದರೆ ರಕ್ತವಿಲ್ಲ, ಹೆಜ್ಜೆಯ ಗುರುತೂ ಇಲ್ಲ. ಮರುದಿನ ಸಂಜೆ ಅವನು ಅಲ್ಲೇ ನಿಂತಿದ್ದ, ಹೆಗಲು ಮಾತ್ರ ಸ್ವಲ್ಪ ಈ ಕಡೆ ತಿರುಗಿತ್ತು. ಸಾಹುಕಾರರ ಅಣ್ಣ ಅವತ್ತೇ ಸುತ್ತಿಗೆ ತಂದು, ಇನ್ನೆಂದೂ ಗುರಿ ಹಿಡಿಯಬಾರದೆಂದು ಕಂಡಿಯನ್ನು ಜಜ್ಜಿದ್ದರು. ಆದರೂ ಅವನು ತಿರುಗುತ್ತಲೇ ಹೋದ.

"ತೀರಿ ಹೋಗೋ ಹಿಂದಿನ ಸಂಜಿ ಒಳಗ ಬಂದು, ಮಾರಿ ನೋಡ್ದೆ ಅಂದ್ರು. ಯಾರ್ದರಿ ಅಂತ ಕೇಳ್ದೆ. ಹೇಳ್ಲಿಲ್ಲ. ಅವ್ರು ಹೋದ ಮ್ಯಾಲ ನನಗ ಕಾಣ್ಲಿಕತ್ತಾನ. ನನಗ ಮೊದಲಿಂದ ಸುರು, ಬೆನ್ನು."

ಸಾಹುಕಾರರು ನೆಲ ನೋಡುತ್ತ ನಿಂತಿದ್ದರು. ಅತ್ತಿಗೆಯೆಂದರೆ ತಾಯಿಯ ಸಮಾನ ಎಂದು ಬೆಳೆದವರು. ಆಕೆ ಕಂಡಿ ತೆಗೆದುಬಿಡಿ ಎಂದಾಗ ಅವರು ನನಗೆ ಹೂಂ ಎಂದು ತಲೆಯಾಡಿಸಿದರು. ಇಡೀ ಮಧ್ಯಾಹ್ನದ ಕೆಲಸವನ್ನು ಎರಡು ಏಟಿಗೆ ಹೊರಗೆ ಜಾರಿಸಿದೆ. ಆಕೆ ಅದನ್ನು ಅಂಗೈಯಲ್ಲಿಟ್ಟುಕೊಂಡು ಹೋಗಿ ಗಣಿಗೆ ಎಸೆದರು. ನೀರು ಸದ್ದೇ ಮಾಡಲಿಲ್ಲ. ಮುಂದಿನ ವಾರ ಸಾಹುಕಾರರು ರಿವಾಲ್ವರನ್ನು ಠಾಣೆಗೆ ಒಪ್ಪಿಸಿದರೆಂದು ತಿಳಿಯಿತು.

ಕೆಲವು ವರ್ಷಗಳ ನಂತರ ಆಕೆ ಪೆಟ್ಟಿಗೆಯ ಬೀಗವೊಂದನ್ನು ಹಿಡಿದು ನನ್ನ ಅಂಗಡಿಗೆ ಬಂದರು. ಸೇಡಮಿನಲ್ಲಿ ಮಗಳ ಮನೆಯಲ್ಲಿದ್ದೇನೆ ಎಂದರು. ಬಜಾರಿನ ನಡುವಿನ ಮನೆ, ಸುತ್ತ ಜನ. ಗಣಿಯ ಕಾಟ ತಪ್ಪಿತಲ್ಲ ಎಂದು ನಾನು ಸಮಾಧಾನದಿಂದ ಹೇಳಿದೆ.

"ಗಣಿ ಬಿಟ್ಟೀನ್ರಿ," ಅಂದರು. "ಅಂವ ಅಂಗಳದಾಗ ನಿಂದರ್ತಾನ. ಈಗ ಒಂದು ಕಿವಿ ಕಾಣ್ತದ."

ಜೋಳದ ರಾಶಿ ಹೇಗಾಯಿತು ಎಂದು ಹೇಳುವ ದನಿಯಲ್ಲೇ ಹೇಳಿದರು. ನಾನು ಬೀಗಕ್ಕೆ ಎಣ್ಣೆ ಬಿಟ್ಟೆ. ಹೆದರಿಕೆಯಾಗುವುದಿಲ್ಲವೇ ಎಂದು ಕೇಳಿದ್ದಕ್ಕೆ, ಮೊದಲು ಆಗುತ್ತಿತ್ತು, ಈಗ ದಿನಾ ನೋಡಿ ರೂಢಿಯಾಗಿದೆ, ಯಾರೆಂದು ತಿಳಿದರೆ ಸಾಕು ಎಂದರು.

ಆಕೆ ತೀರಿಕೊಂಡ ಸುದ್ದಿಯನ್ನು ಸಾಹುಕಾರರೇ ಬಂದು ಹೇಳಿದರು. ಕಾಯಿಲೆಯೇನೂ ಇರಲಿಲ್ಲವಂತೆ. ತೀರುವ ಹಿಂದಿನ ಸಂಜೆ ಅಂಗಳಕ್ಕೆ ಮುಖ ಮಾಡಿ ಕುಳಿತಿದ್ದವರು ಗುರುತಿನವರು ಬಂದ ಹಾಗೆ ನಕ್ಕು, "ನೀವೇನ್ರಿ, ಬರ್ರಿ, ಕುಂದ್ರಿ," ಅಂದರಂತೆ. ಮಗಳು ಒಳಗಿಂದ ಬಂದು ನೋಡಿದರೆ ಅಂಗಳದಲ್ಲಿ ಯಾರೂ ಇಲ್ಲ. ವಯಸ್ಸಾದವರಿಗೆ ಹಾಗೆಲ್ಲ ಕಾಣುತ್ತದೆ ಎಂದರು ಸಾಹುಕಾರರು. ಅವರು ಅದನ್ನು ನಂಬಿಕೊಳ್ಳಲು ಬಂದಿದ್ದರು. ನಾನು ಹೌದೆಂದೆ, ಚಹಾ ತರಿಸಿದೆ.