ಕಾರಣ ಕೇಳಿದ ಅಕ್ಕ

ಕೋಡ್ ಬರೆಯಬಲ್ಲವರು ನಮ್ಮ ಕ್ಷೇತ್ರದಲ್ಲಿ ಸಾವಿರಾರು ಮಂದಿ. ಅದನ್ನು ಏಕೆ ಬದಲಿಸಿದೆವೆಂದು ಅವರ ಬಾಯಿಂದಲೇ ಹೇಳಿಸಿದವರು ನಮ್ಮ ಕಚೇರಿಯಲ್ಲಿ ಒಬ್ಬರೇ. ಈ ತಿಂಗಳು ನಿವೃತ್ತರಾಗುತ್ತಿರುವ ಅವರು ಎಲ್ಲರಿಗೂ ಅಕ್ಕ. ಅವರು ಕೆಲಸಕ್ಕೆ ಸೇರಿದ ದಿನವೇ ಅದೇ ಹುದ್ದೆಗೆ ಸೇರಿ, ಇಪ್ಪತ್ತಾರು ವರ್ಷ ಅವರ ಎದುರು ಮೇಜಿನಲ್ಲಿ ಕುಳಿತ ಈ ಲೇಖಕನ ಬಾಯಲ್ಲಿ ಮಾತ್ರ ಮೇಡಂ. ಹೊಟ್ಟೆಕಿಚ್ಚೆಂದರೆ ಹೊಟ್ಟೆಕಿಚ್ಚೇ, ಇದು ಅವರ ಅಭಿನಂದನ ಗ್ರಂಥವೆಂದ ಮಾತ್ರಕ್ಕೆ ಅದಕ್ಕೆ ಬೇರೆ ಹೆಸರಿಡುವುದು ಸಲ್ಲದು.

ಮೊದಲ ವರ್ಷಗಳಲ್ಲಿ, ಪ್ರತಿ ಬದಲಾವಣೆಯ ಜೊತೆ ಬರುವ ಟಿಪ್ಪಣಿಯನ್ನು, ಅಂದರೆ ಕಮಿಟ್ ಮೆಸೇಜನ್ನು, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಓದಿ ತಿದ್ದಿಸುತ್ತಿದ್ದವನು ಈ ಲೇಖಕ. ಆಹಾ, ಆ ಗತ್ತೇ ಬೇರೆ! ಒಂಬತ್ತು ವರ್ಷ ಕಳೆದ ಮೇಲೆ ಅಕ್ಕ ಒಂದೇ ವಾರದಲ್ಲಿ ಆ ಕೆಲಸವನ್ನು, ಪ್ರತಿ ಬದಲಾವಣೆಯನ್ನೂ ತಾನಾಗಿ ಪರೀಕ್ಷಿಸುವ ಪೈಪ್‌ಲೈನ್ ಎಂಬ ಯಂತ್ರವ್ಯವಸ್ಥೆಗೆ ಒಪ್ಪಿಸಿಬಿಟ್ಟರು. 'ಕಾರಣ' ಎಂಬ ಸಾಲಿಲ್ಲದ, ಅಥವಾ ಆ ಸಾಲಿನಲ್ಲಿ ಹಾರಿಕೆಯ ಮಾತಿರುವ ಟಿಪ್ಪಣಿಯನ್ನು ಯಂತ್ರವೇ ಕೆಂಪು ಗುರುತು ಹಾಕಿ ಹಿಂದಕ್ಕೆ ಕಳಿಸತೊಡಗಿತು. ಚಪ್ಪಾಳೆಯೆಲ್ಲ ಅವರಿಗೆ. ಇನ್ನೂ ಉರಿಯುವ ಸಂಗತಿಯೆಂದರೆ ಅವರು ಮಾಡಿದ ಹಾರಿಕೆಮಾತುಗಳ ಪಟ್ಟಿ. 'ಸಣ್ಣ ಬದಲಾವಣೆ', 'ಸರಿಪಡಿಸಿದೆ', 'ಮತ್ತೆ ಸರಿಪಡಿಸಿದೆ': ಹದಿನಾಲ್ಕರಲ್ಲಿ ಹನ್ನೊಂದು ಈ ಲೇಖಕನ ಟಿಪ್ಪಣಿಗಳಿಂದಲೇ ಹೆಕ್ಕಿದವು.

"ನನ್ನನ್ನೇ ನೋಡ್ಕೊಂಡು ಬರೆದ್ರಾ ಮೇಡಂ?" ಎಂದು ಕೇಳಿದ್ದಕ್ಕೆ ಅವರು ನಕ್ಕರು: "ಮತ್ತೆ? ನಿಮ್ಮಷ್ಟು ಚೆನ್ನಾಗಿ ತಪ್ಪಿಸ್ಕೊಳ್ಳೋರು ಇನ್ಯಾರಿದ್ದಾರೆ?"

ಒಮ್ಮೆ ಈ ಲೇಖಕನ ತಪ್ಪಿನಿಂದ ಇಡೀ ವ್ಯವಸ್ಥೆ ನಿಂತುಹೋದಾಗ, ಆ ಕಾರಣದ ಸಾಲುಗಳನ್ನು ಓದಿಯೇ ಅಕ್ಕ ಹತ್ತು ನಿಮಿಷದಲ್ಲಿ ತಪ್ಪನ್ನು ಪತ್ತೆಹಚ್ಚಿದರು. ಸಭೆಯಲ್ಲಿ ತಪ್ಪನ್ನು ಹೇಳಿದರು, ಹೆಸರನ್ನು ಹೇಳಲಿಲ್ಲ. ಜಗಳಕ್ಕೂ ಆಸ್ಪದ ಕೊಡದ ಇಂಥ ಒಳ್ಳೆಯತನವನ್ನು ಸಹಿಸುವ ಕಷ್ಟ ಅನುಭವಿಸಿದವರಿಗೇ ಗೊತ್ತು.

ಟಿಪ್ಪಣಿಗಳನ್ನು ಪರೀಕ್ಷಿಸಲು ಅಕ್ಕ ಬರೆದ ಆ ಪ್ರೋಗ್ರಾಮಿನ ಕಡತದ ಮೊದಲ ಸಾಲಿನಲ್ಲಿ ಅದರ ಹೊಣೆ ಹೊತ್ತವರ ಹೆಸರಿರುತ್ತದೆ. ಅಲ್ಲಿ ತನ್ನ ಹೆಸರಿರಬೇಕಿತ್ತೆಂದು ಈ ಲೇಖಕ ಕೊರಗಿದ್ದು ಹದಿನೇಳು ವರ್ಷ. ಕಳೆದ ಸೋಮವಾರ ಅಕ್ಕನೇ ಹೇಳಿದರು: "ಇನ್ಮೇಲೆ ಇದನ್ನ ನೀವೇ ನೋಡ್ಕೊಳ್ಳಿ. ಹೆಸರು ಬದಲಾಯಿಸಿಬಿಡಿ."

ಈ ಲೇಖಕ ಹೆಸರು ಬದಲಾಯಿಸಿ, ಟಿಪ್ಪಣಿಯಲ್ಲಿ 'ಕಾರಣ: ಸಣ್ಣ ಬದಲಾವಣೆ' ಎಂದು ಬರೆದ. ಕೆಂಪು. 'ಆಡಳಿತಾತ್ಮಕ' ಎಂದ. ಅದೂ ಕೆಂಪು, ಪಟ್ಟಿಯಲ್ಲಿ ಅದೂ ಇತ್ತು. ಎದುರು ಮೇಜಿನಲ್ಲಿ ಅಕ್ಕ ತಲೆಯೆತ್ತದೆ ಡ್ರಾಯರ್ ಖಾಲಿ ಮಾಡುತ್ತಿದ್ದರು. ಅವರ ಕಡೆಗೊಮ್ಮೆ ನೋಡಿ ಈ ಲೇಖಕ ಮತ್ತೆ ಬರೆದ: 'ಕಾರಣ: ಇದನ್ನು ಕಟ್ಟಿದ ಅಕ್ಕ ಹೋಗುತ್ತಿದ್ದಾರೆ. ನನ್ನಿಂದ ಇದು ಆಗುತ್ತಿರಲಿಲ್ಲ.'

ಹಸಿರು ಗುರುತು ಬಂತು.

ಅಕ್ಕ ನೂರು ವರ್ಷ ಗಟ್ಟಿಮುಟ್ಟಾಗಿ ಬಾಳಲಿ, ಮನೆಯಿಂದಲೂ ಕೋಡ್ ಬರೆದು ಕಳಿಸುತ್ತಿರಲಿ. ಅವರ ಟಿಪ್ಪಣಿಯನ್ನು ಒಮ್ಮೆಯಾದರೂ ಹಿಂದಕ್ಕೆ ಕಳಿಸಲು ಈ ಲೇಖಕನ ಕೈ ತುರಿಸುತ್ತಿದೆ.