ಕುದ್ರೋಳಿಯ ಕಂಬದ ಮನೆಗೆ ಹೋಗಿ ಬಂದದ್ದು

ಮೈಸೂರಿನಿಂದ ಮಂಗಳೂರಿಗೆ ಸರ್ಕಾರಿ ಬಸ್ಸಿನಲ್ಲಿ ಹೆಚ್ಚುಕಡಿಮೆ ಏಳು ಗಂಟೆಯ ದಾರಿ. ಜೂನ್ ತಿಂಗಳ ಆ ಶನಿವಾರ ಬೆಳಿಗ್ಗೆ ನಾನು ಬಸ್ಸು ಹತ್ತಿದಾಗ ಮೈಸೂರಿನಲ್ಲಿ ಒಳ್ಳೆಯ ಬಿಸಿಲಿತ್ತು. ಮಡಿಕೇರಿ ದಾಟಿ ಘಟ್ಟ ಇಳಿಯತೊಡಗಿದ ಮೇಲೆ ಕಿಟಕಿಯ ಗಾಜು ಮುಚ್ಚಬೇಕಾಯಿತು. ಸುಳ್ಯದಲ್ಲಿ ಚಹಾಕ್ಕೆ ಇಳಿದವಳು ಕೊಡೆ ಬಿಚ್ಚುವಷ್ಟರಲ್ಲಿ ತೊಯ್ದು ತೊಪ್ಪೆಯಾದೆ. ಬಸ್ಸಿನಲ್ಲಿ ಉಳಿದವರೆಲ್ಲ ಗೊರಕೆ ಹೊಡೆಯುತ್ತಿದ್ದರು. ನನಗೆ ಮಾತ್ರ ಪರೀಕ್ಷೆಯ ದಿನದಂತೆ ನಿದ್ದೆ ಬರಲಿಲ್ಲ.

ಪರೀಕ್ಷೆ ನನ್ನದೇ. ನಾನು ಮೈಸೂರಿನ ಕಾಲೇಜೊಂದರಲ್ಲಿ ವಾಸ್ತುಶಿಲ್ಪ ಕಲಿಸುವವಳು. ಹೋದ ವರ್ಷ ಮಂಗಳೂರಿನ ಕುದ್ರೋಳಿಯಲ್ಲಿ ತೋಡು, ಅಂದರೆ ಕಡಲಿಗೆ ಹರಿಯುವ ಕಾಲುವೆ, ಉಕ್ಕಿ ಬದಿಯ ಮನೆಗಳಿಗೆ ನೀರು ನುಗ್ಗಿದ ಮೇಲೆ, ಅಲ್ಲಿನವರಿಗೆ ನೆರೆ ತಡೆಯುವ ಮನೆ ಕಟ್ಟುವುದು ಹೇಗೆಂದು ತರಗತಿ ನಡೆಸಿದ್ದೆ. ಮನೆಯನ್ನು ಕಂಬಗಳ ಮೇಲೆ ಎತ್ತಿ ಕಟ್ಟಿ, ಕೆಳಗೆ ಖಾಲಿ ಬಿಡಿ, ನೀರು ಬಂದು ಹೋಗಲಿ ಎನ್ನುವುದೇ ಅದರ ಸಾರ. ದುಬೈಯ ಕೆಲಸ ಬಿಟ್ಟು ಊರಿಗೆ ಬಂದಿದ್ದ ಸತೀಶ ಅದನ್ನು ನಂಬಿ ಮೊದಲ ಮನೆ ಕಟ್ಟಿದ್ದ. ಅದಕ್ಕಿದು ಮೊದಲ ಮಳೆಗಾಲ. ಅದನ್ನು ನೋಡಿಕೊಂಡು ಕಟ್ಟಲು ಅಕ್ಕಪಕ್ಕದವರು ಕಾಯುತ್ತಿದ್ದರು. ಭಾನುವಾರ ಆ ಮನೆಯಲ್ಲೇ ಅವರಿಗೆ ನನ್ನ ಪಾಠ.

ಬಿಜೈಯ ಬಸ್ ನಿಲ್ದಾಣದಲ್ಲಿ ಇಳಿದಾಗ ಮಳೆ ಆಕಾಶ ಹರಿದಂತೆ ಸುರಿಯುತ್ತಿತ್ತು. ರಿಕ್ಷಾದವರು ಕುದ್ರೋಳಿ ಎಂದ ಕೂಡಲೇ ಒಪ್ಪಿದರು, ತೋಡಿನ ಹೆಸರೆತ್ತಿದ ಮೇಲೆ ಮುಖ ಗಂಟಿಕ್ಕಿದರು. "ಓಣಿಯ ಬಾಯಿವರೆಗೆ ಬಿಡ್ತೇನೆ ಮೇಡಂ. ಒಳಗೆ ಬರುದಿಲ್ಲ. ಇಂಜಿನಿಗೆ ನೀರು ಹೋದ್ರೆ ಯಾರು ನೋಡುದು?"

ಓಣಿಯಲ್ಲಿ ಪಾದ ಮುಳುಗುವಷ್ಟು ನೀರಿತ್ತು. ಚಪ್ಪಲಿ ಕೈಯಲ್ಲಿ ಹಿಡಿದು ನಡೆದೆ. ಮನೆ ದೂರದಿಂದಲೇ ಕಂಡಿತು. ಆಳೆತ್ತರದ ಕಂಬಗಳ ಮೇಲೆ ಗಟ್ಟಿಯಾಗಿ ನಿಂತಿತ್ತು. ಖುಷಿಯಿಂದ ಕುಣಿಯುವುದೊಂದು ಬಾಕಿ. ಹತ್ತಿರ ಹೋಗಿ ನೋಡಿದರೆ, ಖಾಲಿ ಇರಬೇಕಾದ ಕಂಬಗಳ ನಡುವೆ ಕೆಂಪು ಕಲ್ಲಿನ ಪುಟ್ಟ ಕೋಣೆ ಎದ್ದಿತ್ತು. ಅದಕ್ಕೆ ಗಟ್ಟಿ ಹಲಸಿನ ಮರದ ಬಾಗಿಲು ಬೇರೆ.

"ಇದು ಎಂತ ಸತೀಶ?" ಎಂದು ಮೆಟ್ಟಿಲಿಳಿದು ಬಂದವನನ್ನು ಕೇಳಿದೆ.

"ದೈವದ ಕೋಣೆ ಟೀಚರೇ. ಎಂತ ಮಾಡುದು, ಅಮ್ಮ ಕೇಳ್ಬೇಕಲ್ಲ ಮಾರಾಯ್ರೆ!"

ಅವನ ತಾಯಿ ಸುಂದರಿಯಮ್ಮ ಎಪ್ಪತ್ತು ದಾಟಿದವರು. ಮೇಲೆ ಕೂರಿಸಿ ಕುಚ್ಚಲಕ್ಕಿ ಅನ್ನ, ಒಣಮೀನಿನ ಚಟ್ನಿ ಬಡಿಸಿದರು. ಟ್ರಾಲರುಗಳು ಕಡಲಿಗಿಳಿಯದ ತಿಂಗಳಾದ್ದರಿಂದ ಹಸಿಮೀನು ಇಲ್ಲವೆಂದು ಪದೇ ಪದೇ ಬೇಸರಪಟ್ಟುಕೊಂಡರು. ಕೋಣೆಯ ಮಾತೆತ್ತಿದರೆ ಮಾತ್ರ ದನಿ ಬಿಗಿಯಾಯಿತು. "ನಮ್ಮ ದೈವ ಮಣ್ಣಿನ ಮೇಲೆ ಕೂತದ್ದು ಟೀಚರೇ. ಈ ಸ್ಲ್ಯಾಬಿನ ಮೇಲೆ ಕೂತ್ಕೊಳ್ಳುದಿಲ್ಲ. ನಾನು ದಿನಾ ಮುಸ್ಸಂಜೆಗೆ ಕೆಳಗೆ ಹೋಗಿ ದೀಪ ಇಡ್ತೇನೆ."

ಕಡಲು ಉಬ್ಬುವ ಭರತ ಸಂಜೆಗೆ ಬಿದ್ದ ದಿನ ತೋಡು ಉಕ್ಕುವುದೂ ಅದೇ ಹೊತ್ತಿಗೆ. ಕೋಣೆ ಕಿರಿದು, ಒಳಗೆ ದೈವವನ್ನು ಕೂರಿಸಿದ ಮರದ ಮಂಚಕ್ಕೆ ತಾಗಬಾರದೆಂದು ಬಾಗಿಲನ್ನು ಹೊರಕ್ಕೆ ತೆರೆಯುವಂತೆ ಇಟ್ಟಿದ್ದರು. ಗಾಳಿಗೆ ದೀಪ ಆರಬಾರದೆಂದು ಅವರು ಒಳಗೆ ಹೋದ ಮೇಲೆ ಬಾಗಿಲು ಎಳೆದುಕೊಳ್ಳುತ್ತಾರೆ. ಹೊರಗೆ ನೀರು ನಿಂತು ಮರ ನೆನೆದು ಉಬ್ಬಿದರೆ ಆ ಬಾಗಿಲನ್ನು ಒಳಗಿನಿಂದ ದೂಡುವುದು ಮುದುಕಿಯ ಕೈಲಾಗುವ ಮಾತಲ್ಲ. ಇದನ್ನೆಲ್ಲ ಹೇಳಿದೆ. "ಇಷ್ಟು ವರ್ಷ ಕಾಪಾಡಿದ್ದು ಯಾರು?" ಎಂದು ಅವರು ಎದ್ದು ಹೋದರು. ಅವತ್ತು ದೀಪವಿಟ್ಟು ಅವರು ಮೇಲೆ ಬರುವವರೆಗೂ ನಾನು ಮೆಟ್ಟಿಲ ಮೇಲೆ ಉಗುರು ಕಚ್ಚುತ್ತ ಕೂತಿದ್ದೆ.

ಭಾನುವಾರ ತಿಂಡಿಗೆ ಬನ್ಸ್. ಮಳೆ ಬಿಟ್ಟಿರಲಿಲ್ಲ, ಅಂಗಳದಲ್ಲಿ ಮೊಣಕಾಲುದ್ದ ನೀರು. ಜಗಲಿಯಲ್ಲಿ ನೆರೆಯವರು ಸೇರಿದರು. ನಾನು ಬಾಯಿ ತೆರೆಯುವ ಮೊದಲೇ ಒಬ್ಬರು ಕೇಳಿದರು: "ಕೆಳಗೆ ಜಾಗ ಸುಮ್ಮನೆ ಯಾಕೆ ಬಿಡುದು? ಸತೀಶನ ಮನೆಯಲ್ಲಿ ರೂಮು ಉಂಟಲ್ಲ, ನಾವೂ ಒಂದು ಮಾಡ್ತೇವೆ." ನಾನು ಕಲಿಸಿದ ಮನೆಯಿಂದಲೇ ಒಂದಲ್ಲ, ಓಣಿ ತುಂಬ ಬೋನುಗಳು ಏಳುತ್ತವಲ್ಲ!

ಪಾಠ ಬದಿಗಿಟ್ಟು ಎಲ್ಲರನ್ನೂ ಕೆಳಗಿಳಿಸಿದೆ. ಸತೀಶನನ್ನು ಕೋಣೆಯೊಳಗೆ ಕಳಿಸಿ, ಬಾಗಿಲು ಹಾಕಿಸಿ, ತೆರೆಯಲು ಹೇಳಿದೆ. ನೆನೆದು ಉಬ್ಬಿ ಚೌಕಟ್ಟಿಗೆ ಕಚ್ಚಿದ್ದ ಬಾಗಿಲು, ಎದುರಿನ ನೀರೂ ತಡೆದು, ಮಿಸುಕಲಿಲ್ಲ. ಒಳಗಿನಿಂದ ಧಡ್ ಧಡ್ ಎಂದು ಭುಜ ಕೊಡುವ ಸದ್ದು. ಮೊದಲು ನಕ್ಕ ನೆರೆಯವರು ಬಾಗಿಲ ಹತ್ತಿರ ಸರಿದರು. ಮೆಟ್ಟಿಲ ಮೇಲೆ ನಿಂತಿದ್ದ ಸುಂದರಿಯಮ್ಮ, "ಎಳೀರಿ ಮಾರಾಯ್ರೆ, ಮಗ ಒಳಗಿದ್ದಾನೆ!" ಎಂದು ಕೂಗಿದರು. ಇಬ್ಬರು ಸೇರಿ ಎಳೆದಾಗ ಬಾಗಿಲು ಬಿಟ್ಟಿತು. ಸತೀಶ ಏದುಸಿರು ಬಿಡುತ್ತ ಹೊರಬಂದ.

ಸುಂದರಿಯಮ್ಮ ತುಸು ಸುಧಾರಿಸಿಕೊಂಡ ಮೇಲೆ ಜಗಲಿಯಲ್ಲಿ ಅವರ ಪಕ್ಕ ಕೂತೆ. "ಅಮ್ಮ, ದೈವ ಕೆಳಗೇ ಇರಬೇಕೋ, ಮಣ್ಣು ಮುಟ್ಟಿದರೆ ಸಾಕೋ?"

"ಮಣ್ಣು ಮುಟ್ಟಬೇಕು. ಅಷ್ಟೇ."

ಹಾಗಾದರೆ ನೆಲದಿಂದ ಮೇಲಿನ ಅಂತಸ್ತಿನವರೆಗೆ ಕೆಂಪು ಕಲ್ಲಿನ ಕಟ್ಟೆ ಕಟ್ಟಿ, ಒಳಗೆ ಮಣ್ಣು ತುಂಬಿ, ಅದರ ಮೇಲೆ ದೈವವನ್ನು ಕೂರಿಸಬಹುದಲ್ಲ ಎಂದು ಜಗಲಿಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸಿದೆ. ಹೋದ ವರ್ಷದ ಪಾಠದಲ್ಲಿ ಈ ಪ್ರಶ್ನೆ ನನಗೆ ಹೊಳೆದಿರಲೇ ಇಲ್ಲ. ಅವರು ಬಗ್ಗಿ ಚಿತ್ರವನ್ನು ನೋಡಿದರು. "ಮಳೆಯಲ್ಲಿ ಕಟ್ಟಲಿಕ್ಕೆ ಆಗ್ತದಾ?"

ಆಗುವುದಿಲ್ಲ. ಮಳೆ ಬಿಟ್ಟ ಮೇಲಿನ ಕೆಲಸ ಅದು. ಅಲ್ಲಿಯವರೆಗೆ ಪ್ರತಿ ಮುಸ್ಸಂಜೆ ಅವರು ಆ ಕೋಣೆಗೇ ಇಳಿಯಬೇಕು.

ರಾತ್ರಿ ಬಸ್ಸಿಗೆ ಟಿಕೆಟ್ ಮಾಡಿಸಿದ್ದೆ. ಹೊರಡುವಾಗ ಕತ್ತಲು ಕವಿಯುತ್ತಿತ್ತು. ಸುಂದರಿಯಮ್ಮ ಸೀರೆ ಎತ್ತಿಕಟ್ಟಿ ಕೆಳಗಿಳಿದರು. ನಾನೂ ಸತೀಶನೂ ಬಾಗಿಲನ್ನು ಇಬ್ಬದಿಯಿಂದ ಹಿಡಿದು ನಿಂತೆವು. ಅವರು ದೀಪ ಹಚ್ಚಲಿಲ್ಲ. ಬಗ್ಗಿ, ಮಂಚದ ಬುಡದಿಂದ ಒಂದು ಮುಷ್ಟಿ ಕೆಸರು ತೆಗೆದು ಹಿತ್ತಾಳೆ ತಟ್ಟೆಗೆ ಹಾಕಿ, ಅದರ ಮೇಲೆ ದೀಪವನ್ನಿಟ್ಟು ಮೆಟ್ಟಿಲು ಹತ್ತಿದರು. ಮೇಲೆ ಹಚ್ಚಿ, ತುಳುವಿನಲ್ಲಿ ಏನೋ ಮೆಲ್ಲಗೆ ಹೇಳಿಕೊಂಡರು.

"ಎಂತ ಹೇಳ್ತಿದ್ದಾರೆ?" ಎಂದು ಕೇಳಿದೆ.

"ಇವತ್ತಿಗೆ ಇಲ್ಲಿ ಕೂತ್ಕೋ, ನಾಳೆದು ನಾಳೆ ಕೇಳ್ತೇನೆ, ಅಂತ," ಎಂದ ಸತೀಶ.

ಓಣಿಯ ತಿರುವಿನಲ್ಲಿ ನಿಂತು ಹಿಂದೆ ನೋಡಿದೆ. ದೀಪ ಮೇಲೆ ಉರಿಯುತ್ತಿತ್ತು. ಸುಂದರಿಯಮ್ಮ ಜಗಲಿಯ ತುದಿಗೆ ಬಂದು, ಕೆಳಗೆ ನಾವು ತೆರೆದಿಟ್ಟು ಬಂದ ಬಾಗಿಲನ್ನೇ ಬಗ್ಗಿ ನೋಡುತ್ತಿದ್ದರು.